ಪೆಸರಿ ಹಾಕಿಸಿಕೊಂಡವರು ಎಷ್ಟು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕು?

ಗರ್ಭಕೋಶ ಜಾರಿದ ಮಹಿಳೆಗೆ ಪೆಸರಿ (ಯೋನಿಯೊಳಗೆ ಇಡುವ ಆಸರೆಯ ಸಾಧನ) ಹಾಕಿ ಮನೆಗೆ ಕಳುಹಿಸುವಾಗ ಚೀಟಿಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: 'ಮೂರು ತಿಂಗಳ ನಂತರ ಬರುವುದು'. ಬರೆಯುವವರಿಗೆ ಅರ್ಧ ನಿಮಿಷದ ಕೆಲಸ. ಪಾಲಿಸುವವರಿಗೆ ಹಾಗಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಂಗಸು ಅದಕ್ಕಾಗಿ ಒಂದು ದಿನದ ಸಂಬಳ ಬಿಡಬೇಕು. ಮಾಗಡಿ ಕಡೆಯಿಂದ ಬರುವ ಅಜ್ಜಿಯ ಜೊತೆ ಮಗಳೋ ಸೊಸೆಯೋ ಹೊರಡಬೇಕು, ಅವಳ ಕೂಲಿಯೂ ಹೋಯಿತು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡು ಉಳಿಯುತ್ತದೆ, ದಿನ ಉಳಿಯುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ಎಂದರೆ ಹತ್ತು ವರ್ಷಕ್ಕೆ ನಲವತ್ತು ಸಲ. ಈ ನಲವತ್ತರಲ್ಲಿ ನಿಜಕ್ಕೂ ಬೇಕಾದವು ಎಷ್ಟು?

ಕಳೆದ ಕೆಲವು ವರ್ಷಗಳಲ್ಲಿ ಈ ಪ್ರಶ್ನೆಯನ್ನು ವೈದ್ಯಲೋಕ ಗಂಭೀರವಾಗಿ ಪರೀಕ್ಷಿಸಿದೆ. ಸಿಕ್ಕ ಉತ್ತರವನ್ನು ಬೆಂಗಳೂರಿನ ಮಹಿಳೆಯರೂ ಅವರನ್ನು ನೋಡುವ ವೈದ್ಯರೂ ತಿಳಿದುಕೊಳ್ಳಬೇಕು ಎಂಬ ಕಾರಣಕ್ಕೆ ಈ ಬರಹ.

ಹೊಟ್ಟೆಯ ಕೆಳಭಾಗದಲ್ಲಿ ಗರ್ಭಕೋಶ, ಮೂತ್ರಕೋಶ, ಗುದನಾಳಗಳನ್ನು ಎತ್ತಿ ಹಿಡಿಯುವ ಸ್ನಾಯು ಮತ್ತು ಕಟ್ಟುಗಳು ಸಡಿಲವಾದಾಗ ಈ ಅಂಗಗಳು ಯೋನಿಯೊಳಕ್ಕೆ, ಕೆಲವೊಮ್ಮೆ ಯೋನಿಯಿಂದ ಹೊರಕ್ಕೂ ಇಳಿಯುತ್ತವೆ. ಯೋನಿಯ ಮೂಲಕ ಆದ ಹೆರಿಗೆಗಳು, ಮುಟ್ಟು ನಿಂತ ನಂತರ ತಗ್ಗುವ ಈಸ್ಟ್ರೊಜನ್ ಹಾರ್ಮೋನು, ವರ್ಷಗಟ್ಟಲೆ ಕಾಡುವ ಕೆಮ್ಮು, ಮಲಬದ್ಧತೆ, ಭಾರ ಹೊರುವ ದುಡಿಮೆ ಎಲ್ಲವೂ ಇದಕ್ಕೆ ಕಾರಣ. ಸಂಜೆಯ ಹೊತ್ತಿಗೆ ಕೆಳಗೆ ಏನೋ ಇಳಿದಂತಾಗುವುದು, ಕುಳಿತರೆ ಗಡ್ಡೆಯೊಂದು ತಗುಲಿದಂತಾಗುವುದು, ಬೆರಳಿನಿಂದ ಒಳಗೆ ಒತ್ತಿಕೊಂಡರೆ ಮಾತ್ರ ಮೂತ್ರ ಸರಿಯಾಗಿ ಹೋಗುವುದು ಇದರ ಲಕ್ಷಣಗಳು. ಅಭಿವೃದ್ಧಿಶೀಲ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ ಇದರ ಸರಾಸರಿ ಪ್ರಮಾಣ ಶೇ 19.7. ಆದರೆ ಒಂದೊಂದು ಅಧ್ಯಯನದ ಅಂಕಿ ಶೇ 3.4ರಿಂದ ಶೇ 56.4ರವರೆಗೆ ಹರಡಿಕೊಂಡಿತ್ತು. ಇಷ್ಟು ದೊಡ್ಡ ಅಂತರಕ್ಕೆ ಅಧ್ಯಯನದ ವಿಧಾನವೂ ಕಾರಣ, ಹೆಂಗಸರು ಬಾಯಿಬಿಟ್ಟು ಹೇಳಿಕೊಳ್ಳದಿರುವುದೂ ಕಾರಣ ಎಂದು ನಾನು ಭಾವಿಸುತ್ತೇನೆ.

ಪೆಸರಿ ಎಂದರೆ ಈ ಅಂಗಗಳಿಗೆ ಒಳಗಿನಿಂದ ಆಸರೆ ಕೊಡುವ ಸಾಧನ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಮೆತ್ತನೆಯ ಸಿಲಿಕೋನ್ ಉಂಗುರ. ನಮ್ಮ ಆಸ್ಪತ್ರೆಗಳಲ್ಲಿ 'ರಿಂಗ್ ಹಾಕಿಸಿಕೊಂಡಿದ್ದೇನೆ' ಎಂದರೆ ಸಾಮಾನ್ಯವಾಗಿ ಇದೇ. ಉಪಾಯವೇನೂ ಹೊಸದಲ್ಲ, ಹಿಪ್ಪೊಕ್ರೆಟಿಸ್ ಹೆಸರಿನ ಗ್ರೀಕ್ ಗ್ರಂಥಗಳಲ್ಲಿ ಅರ್ಧ ದಾಳಿಂಬೆಯನ್ನು ಇದೇ ಕೆಲಸಕ್ಕೆ ಬಳಸಿದ ಉಲ್ಲೇಖವಿದೆ. ಅಳತೆ ನೋಡಿ ಹಾಕಿದ ಮೇಲೆ ಮಹಿಳೆಯನ್ನು ನಡೆಯಲು, ಕೆಮ್ಮಲು, ಕುಕ್ಕರುಗಾಲಿನಲ್ಲಿ ಕೂರಲು, ಮೂತ್ರ ಮಾಡಿ ಬರಲು ಹೇಳುತ್ತಾರೆ. ಉಂಗುರಕ್ಕೂ ಯೋನಿಯ ಗೋಡೆಗೂ ನಡುವೆ ಒಂದು ಬೆರಳು ಸಲೀಸಾಗಿ ಆಡಬೇಕು. ಬಿಗಿಯಾದರೆ ಗಾಯವಾಗುತ್ತದೆ, ಸಡಿಲವಾದರೆ ಮುಕ್ಕುವಾಗ ಜಾರಿ ಬೀಳುತ್ತದೆ. ನೆಲಮಟ್ಟದ ಶೌಚಾಲಯ ಬಳಸುವ ಮನೆಗಳಲ್ಲಿ ಈ ಕುಕ್ಕರುಗಾಲಿನ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬಾರದು.

ಹಾಕಿದ ಮೊದಲ ಕೆಲವು ವಾರಗಳ ತಪಾಸಣೆಯ ಬಗ್ಗೆ ತಕರಾರಿಲ್ಲ. ಒಂದೆರಡು ವಾರದಲ್ಲಿ ಒಮ್ಮೆ ಬಂದು ಅಳತೆ ಸರಿಯಿದೆಯೇ, ನೋವಿದೆಯೇ ಎಂದು ತೋರಿಸಿಕೊಳ್ಳಲೇಬೇಕು. ಒಂದೇ ಸಲಕ್ಕೆ ಸರಿಯಾದ ಅಳತೆ ಸಿಗದೆ ಎರಡನೆಯ, ಮೂರನೆಯ ಗಾತ್ರ ಪ್ರಯತ್ನಿಸುವುದು ಸಾಮಾನ್ಯ. ಚರ್ಚೆಯಿರುವುದು ಎಲ್ಲ ಸರಿಹೊಂದಿದ ಮೇಲಿನ ವರ್ಷಗಳ ಬಗ್ಗೆ.

ಆ ಭೇಟಿಯಲ್ಲಿ ನಡೆಯುವುದೇನು? ಮಹಿಳೆ ಮಂಚದ ಮೇಲೆ ಮಲಗುತ್ತಾಳೆ. ವೈದ್ಯೆ ಬೆರಳನ್ನು ಉಂಗುರದ ಅಂಚಿಗೆ ಸಿಕ್ಕಿಸಿ, ಮಡಚಿ, ನಿಧಾನವಾಗಿ ಹೊರಕ್ಕೆ ಎಳೆಯುತ್ತಾರೆ. ಸಾಧನವನ್ನು ಸೋಪು ನೀರಿನಲ್ಲಿ ತೊಳೆಯುತ್ತಾರೆ. ಸ್ಪೆಕ್ಯುಲಮ್ ಹಾಕಿ ಯೋನಿಯ ಒಳಗೋಡೆಯನ್ನು ಸುತ್ತಲೂ ನೋಡುತ್ತಾರೆ: ಎಲ್ಲಾದರೂ ಕೆಂಪಗಾಗಿದೆಯೇ, ಸಿಪ್ಪೆ ಸುಲಿದಂತಿದೆಯೇ, ಮುಟ್ಟಿದರೆ ರಕ್ತ ಜಿನುಗುತ್ತದೆಯೇ. ಏನೂ ಇಲ್ಲವೆಂದರೆ ಅದೇ ಉಂಗುರವನ್ನು ಮತ್ತೆ ಮಡಚಿ ಒಳಗಿಡುತ್ತಾರೆ. ಗಾಯವಿದ್ದರೆ ಕೆಲವು ವಾರ ಹೊರಗಿಟ್ಟು, ಮುಲಾಮು ಹಚ್ಚಿ, ಮಾಗಿದ ಮೇಲೆ ಹಾಕುತ್ತಾರೆ. ಒಟ್ಟು ಕೆಲವೇ ನಿಮಿಷ. ಇದರಲ್ಲಿ ತೆಗೆಯುವುದು, ತೊಳೆಯುವುದು, ಹಾಕುವುದು ಮೂರೂ ಕಲಿತರೆ ಯಾರಿಗೂ ಬರುವ ಕೆಲಸ. ತರಬೇತಾದ ಕಣ್ಣು ಬೇಕಿರುವುದು ಗೋಡೆಯನ್ನು ನೋಡುವುದಕ್ಕೆ.

ಅಧ್ಯಯನಗಳು ಹೇಳುವುದೇನು

ಮೂರು ತಿಂಗಳ ಲೆಕ್ಕ ಯಾವುದೋ ದೊಡ್ಡ ಪ್ರಯೋಗದಿಂದ ಹುಟ್ಟಿದ್ದಲ್ಲ. ಬಹುಮಟ್ಟಿಗೆ ರೂಢಿಯಿಂದ, ತಯಾರಕರ ಸೂಚನೆಗಳಿಂದ, ವೈದ್ಯರ ಎಚ್ಚರಿಕೆಯ ಸ್ವಭಾವದಿಂದ ಬಂದದ್ದು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2019ರಲ್ಲಿ ಪ್ರಕಟಿಸಿದ ಸೂಚನೆಯಲ್ಲಿ ಪೆಸರಿಯನ್ನು ಆರು ತಿಂಗಳಿಗೊಮ್ಮೆಯಾದರೂ ಹೊರತೆಗೆಯಬೇಕು ಎಂದಿದೆ. ದೈಹಿಕ ಅಥವಾ ಬೌದ್ಧಿಕ ಅಡ್ಡಿಯಿಂದ ತಾವೇ ಆರೈಕೆ ಮಾಡಿಕೊಳ್ಳಲು ಕಷ್ಟಪಡುವವರಂಥ, ತೊಂದರೆಯ ಅಪಾಯ ಹೆಚ್ಚಿರುವ ಮಹಿಳೆಯರಿಗೆ ಆರು ತಿಂಗಳಿಗೊಮ್ಮೆ ಕ್ಲಿನಿಕ್ ಭೇಟಿ ಕೊಡಬೇಕು ಎಂದೂ ಅದು ಹೇಳುತ್ತದೆ. ಹೆಚ್ಚು ಅಪಾಯದಲ್ಲಿರುವವರಿಗೇ ಅಲ್ಲಿ ಆರು ತಿಂಗಳು ಎಂಬುದನ್ನು ಗಮನಿಸಿ.

ಮರುವರ್ಷ, 2020ರಲ್ಲಿ, ಅಮೆರಿಕದ ಒಂದು ಪ್ರಯೋಗದ ಫಲಿತಾಂಶ ಬಂತು. ಆಗಲೇ ಪೆಸರಿ ಬಳಸುತ್ತಿದ್ದ 130 ಮಹಿಳೆಯರನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪನ್ನು 12 ವಾರಕ್ಕೊಮ್ಮೆ, ಇನ್ನೊಂದನ್ನು 24 ವಾರಕ್ಕೊಮ್ಮೆ ಕರೆಸಿದರು. 48 ವಾರಗಳ ಕೊನೆಗೆ ಯೋನಿಯ ಒಳಗೋಡೆಯಲ್ಲಿ ಸವೆತ ಅಥವಾ ಬಿರುಕು ಕಂಡದ್ದು ಪದೇ ಪದೇ ಬಂದ ಗುಂಪಿನಲ್ಲಿ ಶೇ 7.4, ತಡವಾಗಿ ಬಂದ ಗುಂಪಿನಲ್ಲಿ ಶೇ 1.7. ಹಾಗೆಂದು ತಡವಾಗಿ ಬಂದರೆ ಒಳ್ಳೆಯದು ಎಂದು ಓದಿಕೊಳ್ಳಬಾರದು. ಗುಂಪುಗಳು ಚಿಕ್ಕವು, ನಾಲ್ಕಾರು ಮಹಿಳೆಯರಿಂದ ಶೇಕಡಾವಾರು ಏರುಪೇರಾಗುತ್ತದೆ. ಆರು ತಿಂಗಳಿಗೆ ಬಂದವರ ಸ್ಥಿತಿ ಮೂರು ತಿಂಗಳಿಗೆ ಬಂದವರಿಗಿಂತ ಕೆಟ್ಟದಾಗಿರಲಿಲ್ಲ ಎಂಬಷ್ಟು ಮಾತ್ರ ಗಟ್ಟಿಯಾಗಿ ಹೇಳಬಹುದು. ಅಷ್ಟೂ ಕಡಿಮೆ ಮಾತಲ್ಲ. ವರ್ಷಕ್ಕೆ ಎರಡು ಭೇಟಿ ಉಳಿಯಿತು.

ಇದಕ್ಕಿಂತಲೂ ಮುಂದೆ ಹೋದದ್ದು ಬ್ರಿಟನ್ನಿನಲ್ಲಿ 340 ಮಹಿಳೆಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಟಾಪ್ಸಿ ಎಂಬ ಪ್ರಯೋಗ. ಇಲ್ಲಿ ಅರ್ಧದಷ್ಟು ಮಂದಿ ಎಂದಿನಂತೆ ಕ್ಲಿನಿಕ್ಕಿಗೆ ಬಂದರು. ಉಳಿದವರಿಗೆ ಪೆಸರಿಯನ್ನು ತಾವೇ ತೆಗೆದು ಹಾಕುವುದನ್ನು ಅರ್ಧ ಗಂಟೆ ಕಲಿಸಿ, ಒಂದು ಕಿರುಹೊತ್ತಗೆ ಕೊಟ್ಟು, ಎರಡು ವಾರದ ನಂತರ ಒಂದು ಫೋನ್ ಮಾಡಿ, ತೊಂದರೆಯಾದರೆ ಕರೆ ಮಾಡಲು ಒಂದು ನಂಬರ್ ಕೊಟ್ಟರು. ಹದಿನೆಂಟು ತಿಂಗಳ ನಂತರ ಜೀವನದ ಗುಣಮಟ್ಟದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಪೆಸರಿಯಿಂದಾದ ತೊಂದರೆಗಳು ಸ್ವತಃ ನೋಡಿಕೊಂಡವರಲ್ಲಿ ಕಡಿಮೆಯಿದ್ದವು, ಆರೋಗ್ಯ ವ್ಯವಸ್ಥೆಗೆ ಖರ್ಚೂ ಕಡಿಮೆಯಾಯಿತು.

ಹಲ್ಲಿನ ಸೆಟ್ ಕಟ್ಟಿಸಿಕೊಂಡ ಅಜ್ಜಿ ಪ್ರತಿ ರಾತ್ರಿ ಅದನ್ನು ತಾನೇ ತೆಗೆದು ತೊಳೆದು ಲೋಟದಲ್ಲಿ ಇಡುತ್ತಾಳೆ, ಅದಕ್ಕಾಗಿ ದಂತವೈದ್ಯರ ಬಳಿ ಓಡುವುದಿಲ್ಲ. ಪೆಸರಿಯ ವಿಷಯದಲ್ಲಿ ಮಾತ್ರ ಆ ಅಜ್ಜಿಗೆ ತನ್ನ ದೇಹದ ಮೇಲಿನ ಅಧಿಕಾರವನ್ನು ನಾವು ಕೊಟ್ಟಿಲ್ಲ, ಕಲಿಸುವ ಪ್ರಯತ್ನವನ್ನೂ ಸಾಕಷ್ಟು ಮಾಡಿಲ್ಲ.

ಮೂರು ತಿಂಗಳಿಗೊಮ್ಮೆ ಬಂದರೆ ಹಾನಿಯೇನು?

ಎಚ್ಚರಿಕೆ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಇಲ್ಲಿ ಒಳ್ಳೆಯದಲ್ಲ. ಪಾಲಿಸಲಾಗದ ಗಡುವು ಕೊಟ್ಟಾಗ ಮಹಿಳೆಯರು ಎರಡು ದಾರಿ ಹಿಡಿಯುತ್ತಾರೆ.

ಒಂದು, ಈ ಅಲೆದಾಟವೇ ಬೇಡ, ಗರ್ಭಕೋಶ ತೆಗೆಸಿಬಿಡೋಣ ಎನ್ನುವುದು. ಶಸ್ತ್ರಚಿಕಿತ್ಸೆಗೆ ಅದರದೇ ಸ್ಥಾನವಿದೆ, ಅದನ್ನು ಮರೆಮಾಚುವುದು ಅನ್ಯಾಯ. ನೆದರ್ಲೆಂಡ್ಸ್‌ನಲ್ಲಿ 440 ಮಹಿಳೆಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವರ್ಷದ ನಂತರ ತಮ್ಮ ಸ್ಥಿತಿ ಸಾಕಷ್ಟು ಸುಧಾರಿಸಿದೆ ಎಂದವರು ಪೆಸರಿ ಗುಂಪಿನಲ್ಲಿ ಶೇ 76.3, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 81.5. ಪೆಸರಿಯಿಂದ ಶುರು ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಶೇ 54.1, ಆ ಅವಧಿಯೊಳಗೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಎಲ್ಲರಿಗೂ ಪೆಸರಿ ಒಗ್ಗುವುದಿಲ್ಲ. ಆದರೆ ಆ ತೀರ್ಮಾನ ಮಹಿಳೆಯ ಲಕ್ಷಣಗಳಿಂದ, ಅವಳ ಇಷ್ಟದಿಂದ ಬರಬೇಕು. ಸರತಿ ಸಾಲಿನಲ್ಲಿ ನಿಂತ ದಣಿವಿನಿಂದ ಬರಬಾರದು. ಗರ್ಭಕೋಶ ತೆಗೆದ ಮಾತ್ರಕ್ಕೆ ಜಾರುವಿಕೆ ಮುಗಿಯಿತು ಎಂದೂ ಇಲ್ಲ. ತೆಗೆದ ಮೇಲೆ ಯೋನಿಯ ಮೇಲ್ತುದಿಯೇ ಕೆಳಗಿಳಿಯುವುದುಂಟು.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಕಹಿ ಅನುಭವವಿದೆ. ಕಲಬುರಗಿ ಭಾಗದ ತಾಂಡಾಗಳ ಲಂಬಾಣಿ ಮಹಿಳೆಯರ ಗರ್ಭಕೋಶಗಳನ್ನು ಕಾರಣವಿಲ್ಲದೆ ತೆಗೆದ ಪ್ರಕರಣಗಳು ಹತ್ತು ವರ್ಷಗಳ ಹಿಂದೆ ದೊಡ್ಡ ಹೋರಾಟಕ್ಕೆ ಕಾರಣವಾದವು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಆದೇಶಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲೇ ಶೇ 3.3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಹೀಗಿರುವಾಗ ಕತ್ತರಿ ಹಾಕದ ಚಿಕಿತ್ಸೆಯೊಂದನ್ನು ಪಾಲಿಸಲು ಸುಲಭ ಮಾಡುವುದು ಚಿಕ್ಕ ಕೆಲಸವಲ್ಲ.

ಎರಡನೆಯ ದಾರಿ ಇನ್ನೂ ಅಪಾಯದ್ದು: ಪೆಸರಿ ಒಳಗೇ ಇರುತ್ತದೆ, ಮಹಿಳೆ ಮತ್ತೆ ಬರುವುದೇ ಇಲ್ಲ. ಒಂದು ಗಡುವು ತಪ್ಪಿದ ಮೇಲೆ 'ಯಾಕಮ್ಮ ಇಷ್ಟು ದಿನ ಬರಲಿಲ್ಲ' ಎಂಬ ಗದರಿಕೆಗೆ ಹೆದರಿ ಎರಡನೆಯದೂ ತಪ್ಪುತ್ತದೆ. ಆಮೇಲೆ ತೊಂದರೆಯೇನೂ ಇಲ್ಲವಲ್ಲ ಎಂದು ಸುಮ್ಮನಾಗುತ್ತಾರೆ. ವರ್ಷಗಳು ಉರುಳಿದರೆ ಉಂಗುರದ ಸುತ್ತ ಮಾಂಸ ಬೆಳೆದು ಅದು ಗೋಡೆಯೊಳಗೆ ಹೂತುಹೋಗಬಹುದು. ಆಗ ಅರಿವಳಿಕೆ ಕೊಟ್ಟು, ಉಂಗುರವನ್ನೇ ತುಂಡರಿಸಿ ತೆಗೆಯಬೇಕಾಗುತ್ತದೆ. ಗೋಡೆ ಸವೆದು ಮೂತ್ರಕೋಶಕ್ಕೋ ಗುದನಾಳಕ್ಕೋ ತೂತಾಗಿ, ಮೂತ್ರ ಅಥವಾ ಮಲ ಯೋನಿಯ ಮೂಲಕ ಸೋರುವ ಸ್ಥಿತಿಯೂ ವೈದ್ಯಸಾಹಿತ್ಯದಲ್ಲಿ ದಾಖಲಾಗಿದೆ. ಇವು ಅಪರೂಪ. ಆದರೆ ಇಂಥ ಘಟನೆಗಳ ವರದಿಗಳನ್ನು ಓದಿದರೆ ಮತ್ತೆ ಮತ್ತೆ ಎದುರಾಗುವುದು ವರ್ಷಗಟ್ಟಲೆ ಮರೆತುಹೋದ ಪೆಸರಿ. ಮೂರು ತಿಂಗಳು ಮತ್ತು ಆರು ತಿಂಗಳ ನಡುವಿನ ವ್ಯತ್ಯಾಸಕ್ಕಿಂತ ಆರು ತಿಂಗಳು ಮತ್ತು ಆರು ವರ್ಷದ ನಡುವಿನ ವ್ಯತ್ಯಾಸವೇ ನಾವು ಹೆದರಬೇಕಾದದ್ದು.

ಬೆಂಗಳೂರಿನಲ್ಲಿ ಮರೆವಿಗೆ ಇನ್ನೊಂದು ಕಾರಣವಿದೆ. ಇಲ್ಲಿನ ಎಷ್ಟೋ ತಾಯಂದಿರು ಆರು ತಿಂಗಳು ಮಗನ ಮನೆಯಲ್ಲಿ, ಆರು ತಿಂಗಳು ಹಾಸನದಲ್ಲೋ ಮಂಡ್ಯದಲ್ಲೋ ಇರುವ ಸ್ವಂತ ಮನೆಯಲ್ಲಿ ಕಳೆಯುತ್ತಾರೆ. ಪೆಸರಿ ಹಾಕಿಸಿದ್ದು ಮಲ್ಲೇಶ್ವರದಲ್ಲಿ, ದಾಖಲೆ ಮಗಳ ಬೀರುವಿನಲ್ಲಿ, ಅಮ್ಮ ಊರಿನಲ್ಲಿ. ಮಗನಿಗೆ ವಿಷಯವೇ ಗೊತ್ತಿಲ್ಲ, ಹೇಳಲು ಅಮ್ಮನಿಗೆ ಸಂಕೋಚ.

ಎಲ್ಲರಿಗೂ ಒಂದೇ ಅವಧಿ ಸಲ್ಲದು

ಆರು ತಿಂಗಳು ಎಂಬುದೂ ಎಲ್ಲರಿಗೂ ಹೊಂದುವ ಸಂಖ್ಯೆಯಲ್ಲ. ಸಾಧನದ ಜಾತಿ ಮುಖ್ಯ. ಉಂಗುರವನ್ನು ತೆಗೆಯುವುದು ಸುಲಭ. ಜಾರುವಿಕೆ ಹೆಚ್ಚಿದ್ದಾಗ ಬಳಸುವ ಗೆಲ್‌ಹಾರ್ನ್ ಎಂಬ ಪೆಸರಿ ಗೋಡೆಗೆ ಗಾಳಿ ಹೀರಿ ಅಂಟಿಕೊಳ್ಳುವುದರಿಂದ ಅದನ್ನು ಸ್ವತಃ ತೆಗೆಯುವುದು ಬಹಳ ಮಂದಿಗೆ ಕಷ್ಟ. ಕ್ಯೂಬ್ ಆಕಾರದ್ದನ್ನು ದಿನವೂ ತೆಗೆದು ತೊಳೆಯಬೇಕು, ತಾನೇ ತೆಗೆಯಲಾಗದವರಿಗೆ ಅದನ್ನು ಹಾಕುವುದೇ ತಪ್ಪು. ವಸ್ತುವೂ ಮುಖ್ಯ: ಸಿಲಿಕೋನ್ ವರ್ಷಗಳ ಕಾಲ ಬಾಳುತ್ತದೆ, ಪಿವಿಸಿ ಗಡುಸಾಗುತ್ತ ಹೋಗುವುದರಿಂದ ಬೇಗ ಬದಲಿಸಬೇಕು. ಹಾಗಾಗಿ ನಿಮ್ಮದು ಯಾವುದು ಎಂದು ಕೇಳಿ ತಿಳಿದುಕೊಂಡಿರಿ.

ದೇಹದ ಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ಮುಟ್ಟು ನಿಂತ ಮೇಲೆ ಯೋನಿಯ ಗೋಡೆ ತೆಳುವಾಗಿ ಒಣಗುತ್ತದೆ, ಉಜ್ಜಿದಲ್ಲಿ ಬೇಗ ಗಾಯವಾಗುತ್ತದೆ. ಅದಕ್ಕೆಂದೇ ಈಸ್ಟ್ರಿಯಾಲ್ ಎಂಬ ಈಸ್ಟ್ರೊಜನ್ ಮುಲಾಮನ್ನು ವಾರಕ್ಕೆ ಎರಡು ಸಲ ಒಳಗೆ ಹಚ್ಚಿಕೊಳ್ಳಲು ಬರೆದುಕೊಡುವುದುಂಟು. ಸ್ತನ ಕ್ಯಾನ್ಸರ್ ಆಗಿದ್ದವರು ಮೊದಲು ಅದನ್ನು ವೈದ್ಯರಿಗೆ ತಿಳಿಸಬೇಕು. ಹಿಂದೆ ಒಮ್ಮೆ ಹುಣ್ಣಾಗಿದ್ದವರು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇರುವವರು, ಹೊಸ ಗಾತ್ರಕ್ಕೆ ಬದಲಾದವರು ಮೂರು ತಿಂಗಳಿಗೇ ಬರಲಿ. ಎರಡು ಮೂರು ತಪಾಸಣೆಗಳಲ್ಲಿ ಗೋಡೆ ಚೆನ್ನಾಗಿಯೇ ಇದ್ದು, ಉಂಗುರ ನೆಲೆಯಾಗಿರುವವರಿಗೆ ಆರು ತಿಂಗಳು ಸಾಕು. ಇದು ನನ್ನ ಓದಿಗೆ ಸಿಕ್ಕ ನ್ಯಾಯವಾದ ವಿಂಗಡಣೆ. ಅಂತಿಮ ಮಾತು ಪರೀಕ್ಷಿಸಿದ ವೈದ್ಯರದು.

ಹಾಗಾದರೆ ಟಾಪ್ಸಿಯ ದಾರಿ, ಅಂದರೆ ತಾನೇ ತೆಗೆದು ಹಾಕಿಕೊಳ್ಳುವುದು, ನಮ್ಮಲ್ಲಿ ನಡೆಯುತ್ತದೆಯೇ? ಆಸ್ಪತ್ರೆಯೊಂದರಲ್ಲಿ ಹಿರಿಯ ಸಿಸ್ಟರ್ ಇದನ್ನು ಕಲಿಸುವುದನ್ನು ಕಂಡಿದ್ದೇನೆ. "ಅಮ್ಮ, ಒಂದು ಕಾಲನ್ನು ಸ್ಟೂಲಿನ ಮೇಲೆ ಇಡಿ. ತೋರುಬೆರಳನ್ನು ಕೊಕ್ಕೆ ಮಾಡಿ ಅಂಚು ಹುಡುಕಿ. ಸಿಕ್ಕಿತಾ? ಈಗ ಕೆಮ್ಮಿ, ಕೆಮ್ಮುವಾಗ ಎಳೆಯಿರಿ" ಎಂದು ಪರದೆಯ ಈಚೆ ನಿಂತು ಹೇಳುತ್ತಿದ್ದರು. ಒಳಗಿದ್ದಾಕೆ ಮೊದಲು "ಅಯ್ಯೋ, ನನ್ನ ಕೈಲಿ ಆಗಲ್ಲ ಸಿಸ್ಟರ್" ಎಂದವರು ಸ್ವಲ್ಪ ಹೊತ್ತಿಗೆ ಉಂಗುರವನ್ನು ಕೈಯಲ್ಲಿ ಹಿಡಿದು ಹೊರಗೆ ಇಣುಕಿ, "ಇಷ್ಟೇನಾ?" ಎಂದರು. ಕಲಿಸುವವರಿಗೆ ತಾಳ್ಮೆಯಿದ್ದರೆ ಓದು ಬರಹ ಅಡ್ಡಿಯಾಗುವುದಿಲ್ಲ.

ಅಡ್ಡಿಯಾಗುವುದು ಜಾಗ. ಹತ್ತು ಮನೆಗೆ ಒಂದು ಶೌಚಾಲಯವಿರುವ ವಠಾರದಲ್ಲಿ, ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಯಲ್ಲಿ, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಇರುವುದು ಸುಲಭವಲ್ಲ. ಕೀಲುವಾತದಿಂದ ಬೆರಳು ಮಡಚಲಾಗದವರೂ ಇದ್ದಾರೆ. ಬ್ರಿಟನ್ನಿನ ಫಲಿತಾಂಶವನ್ನು ಇಲ್ಲಿಗೆ ಹಾಗೇ ತಂದು ಹೇರುವುದು ಸರಿಯಲ್ಲ, ಅಲ್ಲಿ ಕರೆ ಮಾಡಿದರೆ ಉತ್ತರಿಸುವ ಒಂದು ಫೋನ್ ನಂಬರ್ ಆ ಚಿಕಿತ್ಸೆಯ ಭಾಗವೇ ಆಗಿತ್ತು. ಮನೆಯಲ್ಲಿ ಅನುಕೂಲವಿರುವವರಿಗೆ ಕಲಿಸಿ, ವರ್ಷಕ್ಕೊಮ್ಮೆಯಾದರೂ ಗೋಡೆ ತೋರಿಸಿಕೊಳ್ಳಲು ಹೇಳಬಹುದು. ಇಲ್ಲದವರಿಗೆ ಆರು ತಿಂಗಳ ಭೇಟಿಯನ್ನು ಹತ್ತಿರದಲ್ಲೇ ಸಿಗುವಂತೆ ಮಾಡಬೇಕು.

ಹತ್ತಿರ ಎಂದರೆ ಎಲ್ಲಿ? ವಾಣಿವಿಲಾಸ, ಗೋಷಾ, ಕೆ.ಸಿ. ಜನರಲ್‌ನಂಥ ದೊಡ್ಡ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗಕ್ಕೆ ಮೊದಲ ಅಳತೆ, ಗೆಲ್‌ಹಾರ್ನ್, ಗಾಯವಾದವರು ಇಂಥ ಕೆಲಸ ಇರಲಿ. ತೆಗೆದು, ತೊಳೆದು, ನೋಡಿ, ಹಾಕುವ ಮಾಮೂಲಿ ಕೆಲಸವನ್ನು ತರಬೇತಿ ಪಡೆದ ನರ್ಸ್‌ಗಳು ವಾರ್ಡಿನ ಆರೋಗ್ಯ ಕೇಂದ್ರಗಳಲ್ಲಿ, ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲಿ ಮಾಡಬಹುದು. ಬ್ರಿಟನ್ನಿನಲ್ಲಿ ನರ್ಸ್‌ಗಳೂ ಫಿಸಿಯೋಥೆರಪಿಸ್ಟ್‌ಗಳೂ ಈ ಕೆಲಸ ಮಾಡುತ್ತಾರೆ.

ಅದಕ್ಕೂ ಮೊದಲು ಬೇಕಿರುವುದು ಒಂದು ರಿಜಿಸ್ಟರ್. ಬಸುರಿಗೆ ತಾಯಿ ಕಾರ್ಡ್ ಇದೆ, ಒಂದು ತಪಾಸಣೆ ತಪ್ಪಿದರೆ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಕಾಪರ್-ಟಿ ಹಾಕಿದರೆ ತೆಗೆಯಬೇಕಾದ ತಾರೀಖನ್ನು ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಮಕ್ಕಳನ್ನು ಹೆತ್ತು ಸಾಕಿ ಮುಗಿಸಿದ ಹೆಂಗಸಿನ ದೇಹದೊಳಗೆ ಇಟ್ಟ ಸಾಧನಕ್ಕೂ ಅಂಥದೇ ಲೆಕ್ಕ ಇರಬೇಕು. ಹೆರುವ ವಯಸ್ಸು ಮುಗಿದೊಡನೆ ಹೆಂಗಸಿನ ಲೆಕ್ಕವೂ ಮುಗಿಯುವುದು ನನಗೆ ಬೇಸರ ತರಿಸುತ್ತದೆ. ಗರ್ಭಕೋಶ ಜಾರುವಿಕೆ ಸಂತಾನ ಆರೋಗ್ಯದ ಹಕ್ಕಿಗೆ ಸೇರಿದ ವಿಷಯ ಎಂದು ನೇಪಾಳದ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿತು. ನಮಗೆ ಅಷ್ಟು ದೊಡ್ಡ ತೀರ್ಪು ಬರುವತನಕ ಕಾಯಬೇಕಿಲ್ಲ. ಹೆಸರು, ಮೊಬೈಲ್ ನಂಬರ್, ಪೆಸರಿಯ ಜಾತಿ ಮತ್ತು ಗಾತ್ರ, ಹಾಕಿದ ದಿನ, ಮುಂದಿನ ದಿನ ಇಷ್ಟನ್ನು ಬರೆದಿಟ್ಟು, ದಿನ ತಪ್ಪಿದವರಿಗೆ ಒಂದು ಕರೆ ಮಾಡುವ ವ್ಯವಸ್ಥೆ ಇದ್ದರೆ ಅವಧಿಯನ್ನು ಆರು ತಿಂಗಳಿಗೆ ಹಿಗ್ಗಿಸಲು ಯಾವ ವೈದ್ಯರೂ ಹೆದರಬೇಕಿಲ್ಲ. ಆ ವ್ಯವಸ್ಥೆ ಇಲ್ಲದಿದ್ದರೆ ಮೂರು ತಿಂಗಳೆಂದು ಬರೆದರೂ ಉಪಯೋಗವಿಲ್ಲ.

ಮನೆಯಲ್ಲಿ ತೊಳೆಯುವವರಿಗೆ ಒಂದು ಮಾತು: ಉಗುರುಬೆಚ್ಚಗಿನ ನೀರು, ಸಾಧಾರಣ ಸೋಪು ಸಾಕು. ಆಂಟಿಸೆಪ್ಟಿಕ್ ದ್ರಾವಣ ಬೇಡ, ಯೋನಿಯ ಒಳಗನ್ನು ತೊಳೆಯುವುದೂ ಬೇಡ. ಸ್ವಲ್ಪ ಬಿಳಿಸೆರಗು ಹೆಚ್ಚಾಗುವುದು ಪೆಸರಿ ಇರುವವರಲ್ಲಿ ಸಾಮಾನ್ಯ. ಆದರೆ ರಕ್ತ ಕಾಣಿಸಿದರೆ, ದುರ್ವಾಸನೆ ಅಥವಾ ಹಳದಿ ಹಸಿರು ಸ್ರಾವ ಬಂದರೆ, ಹೊಟ್ಟೆಯ ಕೆಳಗೆ ನೋವು ಶುರುವಾದರೆ, ಮುಕ್ಕಿದಾಗಲೆಲ್ಲ ಉಂಗುರ ಜಾರಿದರೆ ಮುಂದಿನ ತಾರೀಖು ಎಷ್ಟೇ ದೂರವಿರಲಿ ಅದೇ ವಾರ ತೋರಿಸಿಕೊಳ್ಳಿ. ಮೂತ್ರ ಕಟ್ಟಿಕೊಂಡರೆ, ಅಥವಾ ಮೂತ್ರವೋ ಮಲವೋ ಯೋನಿಯಿಂದ ಸೋರಿದರೆ ಅಂದೇ ಹೋಗಿ. ಬೇರೆ ಯಾವ ಕಾಯಿಲೆಗೆ ಯಾವ ಡಾಕ್ಟರ ಬಳಿ ಹೋದರೂ ಒಳಗೆ ಪೆಸರಿ ಇದೆ ಎಂದು ಮೊದಲೇ ಹೇಳಿ, ಇಲ್ಲವಾದರೆ ಉಂಗುರದಿಂದಾದ ತೊಂದರೆಗೆ ಬರೀ ಮೂತ್ರದ ಸೋಂಕಿನ ಮಾತ್ರೆ ನುಂಗುತ್ತ ತಿಂಗಳುಗಳು ಕಳೆದುಹೋಗಬಹುದು. ನೆನಪಿನ ಶಕ್ತಿ ಕುಗ್ಗುತ್ತಿರುವ ಹಿರಿಯರಾದರೆ ಅವರನ್ನು ನೋಡಿಕೊಳ್ಳುವ ಒಬ್ಬರಿಗಾದರೂ, ಅದು ಮಗನೇ ಆಗಿರಲಿ, ಈ ವಿಷಯ ತಿಳಿದಿರಬೇಕು. ಪೆಸರಿಯ ಗಾತ್ರ ಮತ್ತು ಮುಂದಿನ ತಾರೀಖು ಅವರ ಮೊಬೈಲ್‌ನಲ್ಲೂ ಇರಬೇಕು.